ಮನೆಯಲ್ಲೇ ಮರದ ಒಡವೆ ಟ್ರೇ: ಅಳತೆಯಿಂದ ಅರಗಿನ ಮೆರುಗಿನವರೆಗೆ

“ಒಡವೆ ಟ್ರೇ ಮಾಡೋಕೆ ಯಾವ ಮರ ಒಳ್ಳೆಯದು?” ನನಗೆ ಈ ಪ್ರಶ್ನೆ ಬರುವಷ್ಟು ಬೇರೆ ಯಾವುದೂ ಬರುವುದಿಲ್ಲ. ಉತ್ತರ ಚಿಕ್ಕದು: ಚೆನ್ನಾಗಿ ಒಣಗಿ ನೇರವಾಗಿರುವ ಯಾವ ಮರವಾದರೂ ನಡೆಯುತ್ತದೆ. ಟ್ರೇ ಮಾಡಿ ಬೇಸರಪಟ್ಟವರನ್ನು ವಿಚಾರಿಸಿದರೆ ಮರದ ದೂರು ಅಪರೂಪ. ಬಳೆ ಖಾನೆಯೊಳಗೆ ಕೂರಲಿಲ್ಲ, ಮೂಲೆ ಓರೆಯಾಯಿತು, ಬೆಳ್ಳಿ ಕಪ್ಪಾಯಿತು, ವರ್ಷವಾದರೂ ಎಣ್ಣೆ ವಾಸನೆ ಹೋಗಲಿಲ್ಲ: ಇವೇ ದೂರುಗಳು. ಹಾಗಾಗಿ ಇಲ್ಲಿ ಟ್ರೇಯ ಒಳಗಿನಿಂದ ಶುರುಮಾಡಿ ಹೊರಗೆ ಬರೋಣ.

ನಾವು ಮಾಡುವುದು ಮುಚ್ಚಳವಿಲ್ಲದ, ಆರು ಖಾನೆಗಳ, 300 × 200 ಮಿಲಿಮೀಟರಿನ ಟ್ರೇ. ಕೈಗರಗಸ ಹಿಡಿದು ಅಭ್ಯಾಸವಿಲ್ಲದವರೂ ಎರಡು ವಾರಾಂತ್ಯದಲ್ಲಿ ಮುಗಿಸಬಹುದು. ಅಂಟು, ಪಾಲಿಶ್ ಒಣಗಲು ಬೇಕಾದ ದಿನಗಳು ಬೇರೆ.

ಬೇಕಾಗುವ ಸಾಮಾನು

ಮರ: 10 ಮಿಮೀ ದಪ್ಪ, 40 ಮಿಮೀ ಅಗಲದ ಪಟ್ಟಿ, ಒಟ್ಟು ಒಂದು ಮೀಟರಿಗಿಂತ ತುಸು ಹೆಚ್ಚು (ಗೋಡೆಗಳಿಗೆ). 5 ಮಿಮೀ ದಪ್ಪ, 25 ಮಿಮೀ ಅಗಲದ ಪಟ್ಟಿ, ಮುಕ್ಕಾಲು ಮೀಟರ್ (ಒಳಗಿನ ಅಡ್ಡಗಳಿಗೆ). ತಳಕ್ಕೆ 4 ಮಿಮೀ ಪ್ಲೈವುಡ್.

ಸಲಕರಣೆ: ಸಣ್ಣ ಹಲ್ಲಿನ ಗರಗಸ, 6 ಮಿಮೀ ಉಳಿ, ಮೂಲೆಮಟ್ಟ (90 ಡಿಗ್ರಿ ನೋಡುವ ಸಾಧನ), ಉಕ್ಕಿನ ಸ್ಕೇಲು, ಚೂಪಾದ ಕಟರ್, 3 ಮಿಮೀ ಬಿಟ್ಟಿನ ಡ್ರಿಲ್, ನಾಲ್ಕು ಕ್ಲಾಂಪು. ಕ್ಲಾಂಪು ಇಲ್ಲದಿದ್ದರೆ ಗಟ್ಟಿ ಹಗ್ಗ ಸುತ್ತಿ ಕಡ್ಡಿಯಿಂದ ತಿರುಚಿ ಬಿಗಿಮಾಡಿದರೂ ಸಾಕು.

ಉಳಿದದ್ದು: ಮರಕ್ಕೆ ಹಾಕುವ ಬಿಳಿ ಅಂಟು (ಪಿವಿಎ), 3 ಮಿಮೀ ದಪ್ಪದ ಬಿದಿರುಕಡ್ಡಿ, 120, 180, 240 ಮತ್ತು 320 ನಂಬರಿನ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, ದಪ್ಪ ರಟ್ಟು, ವೆಲ್ವೆಟ್, ಅರಗಿನ ಚಕ್ಕೆ, ಮಿಥೈಲೇಟೆಡ್ ಸ್ಪಿರಿಟ್. ಉಪ್ಪುಕಾಗದದ ನಂಬರು ಹೆಚ್ಚಾದಷ್ಟೂ ಅದು ನಯ.

1. ಮೊದಲು ಒಡವೆಯನ್ನು ಅಳೆಯಿರಿ

ಟ್ರೇಯಲ್ಲಿ ಇಡಬೇಕೆಂದಿರುವುದನ್ನೆಲ್ಲ ಮೇಜಿನ ಮೇಲೆ ಹರಡಿ. 280 × 180 ಮಿಮೀ ಚೌಕದ ಕಾಗದ ಕತ್ತರಿಸಿ. ಇದು ಟ್ರೇಯ ಒಳಗಿನ ಜಾಗ. ಅದರ ಮೇಲೆ ಒಡವೆ ಜೋಡಿಸಿ ನೋಡಿ. ಬಳೆಯ ಹೊರ ಅಳತೆ, ಅತಿ ಎತ್ತರದ ಕಲ್ಲಿನ ಉಂಗುರ, ಅತಿ ಉದ್ದದ ಓಲೆ, ಈ ಮೂರನ್ನು ಬರೆದಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಬಳೆಯಲ್ಲಿ. ಬಳೆಯ ಸೈಜು ಎಂದರೆ ಒಳವ್ಯಾಸ. ಖಾನೆಗೆ ಬೇಕಾದದ್ದು ಹೊರವ್ಯಾಸ, ಜೊತೆಗೆ ಬೆರಳು ಇಳಿಯುವಷ್ಟು ಎಡೆ. ಹೊರವ್ಯಾಸ 70 ಮಿಮೀ ಇದ್ದರೆ ಖಾನೆ ಕನಿಷ್ಠ 80 ಇರಲಿ. ಸರಿಯಾಗಿ 70ಕ್ಕೇ ಮಾಡಿದರೆ ಬಳೆ ಒಳಗೆ ಹೋಗುತ್ತದೆ. ತೆಗೆಯಬೇಕಾದರೆ ಟ್ರೇಯನ್ನೇ ಬೋರಲು ಹಾಕಬೇಕು.

ಸರಗಳಿಗೆ ದೊಡ್ಡ ಖಾನೆ ಬೇಕೆಂದು ಅನೇಕರು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ. ದೊಡ್ಡ ಖಾನೆಯಲ್ಲಿ ಮೂರು ಸರ ಬೀಳುತ್ತವೆ, ಮೂರೂ ಗಂಟಾಗುತ್ತವೆ. ಚಿಕ್ಕ ಖಾನೆ, ಒಂದಕ್ಕೊಂದೇ ಸರ, ಕೊಂಡಿ ಹಾಕಿ ಸುರುಳಿ ಮಾಡಿ ಇಡುವುದು ವಾಸಿ.

ಇಲ್ಲಿ ನಾನು ತೆಗೆದುಕೊಂಡ ಹಂಚಿಕೆ: ಉದ್ದಕ್ಕೆ ಒಂದು ಪಟ್ಟಿ, ಅಡ್ಡಕ್ಕೆ ಎರಡು. ಅಗಲದಲ್ಲಿ 80 + 5 + 95 = 180. ಉದ್ದದಲ್ಲಿ 90 + 5 + 90 + 5 + 90 = 280. ಹಿಂದಿನ ಸಾಲಿನ 90 × 80ರ ಮೂರು ಖಾನೆ ಬಳೆ, ಸರಗಳಿಗೆ; ಮುಂದಿನ 90 × 95ರ ಮೂರು ಖಾನೆ ಉಂಗುರ, ಓಲೆಗಳಿಗೆ. ನಿಮ್ಮ ಒಡವೆಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ. ಕೂಡಿಸುವಾಗ ಪಟ್ಟಿಯ ದಪ್ಪವನ್ನು ಮರೆಯಬೇಡಿ.

2. ಮರ ಆರಿಸುವುದು, ಒಣಗಿಸುವುದು

ಪಟ್ಟಿಯ ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಂದು ತುದಿಯತ್ತ ನೋಡಿ. ಬಾಗು, ತಿರುಚು ಇದ್ದರೆ ತಕ್ಷಣ ಕಾಣುತ್ತದೆ. ಗಂಟು ಇರುವ ಪಟ್ಟಿ ಬೇಡ. ತೊಗಟೆಯ ಕಡೆಯ ಬಿಳಿ ಭಾಗಕ್ಕಿಂತ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಒಳ್ಳೆಯದು. ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಹುಳ ಅಲ್ಲಿಂದಲೇ ಶುರು. ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡನ್ನು ಮನೆಯೊಳಗೇ ತರಬೇಡಿ.

ಒಳಾಂಗಣದ ಕೆಲಸಕ್ಕೆ ಮರದಲ್ಲಿ ತೇವ ಸುಮಾರು 8ರಿಂದ 12 ಶೇಕಡಾ ಇದ್ದರೆ ಸರಿ. ತೇವ ಅಳೆಯುವ ಮೀಟರು ಇಲ್ಲದಿದ್ದರೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಪಟ್ಟಿಗಳ ನಡುವೆ ಕಡ್ಡಿ ಇಟ್ಟು ಗಾಳಿ ಆಡುವಂತೆ ಕೋಣೆಯಲ್ಲೇ ಪೇರಿಸಿ, ಎರಡು ದಿನಕ್ಕೊಮ್ಮೆ ಒಂದೇ ಪಟ್ಟಿಯನ್ನು ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಆ ಕೋಣೆಗೆ ಒಗ್ಗಿದೆ ಎಂದರ್ಥ. ಸಾಮಾನ್ಯವಾಗಿ ಒಂದೆರಡು ವಾರ.

ತಳಕ್ಕೆ ಪ್ಲೈವುಡ್ ಯಾಕೆ, ಅದೇ ಮರದ ಹಲಗೆ ಯಾಕಲ್ಲ? ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಅದೂ ಎಳೆಯ, ಅಂದರೆ ಮರದ ನಾರು ಓಡುವ ದಿಕ್ಕಿನ, ಅಡ್ಡಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. 200 ಮಿಮೀ ಅಗಲದ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಅದು ಹಿಗ್ಗಿದಾಗ ಮೂಲೆ ಬಿಡುತ್ತದೆ, ಕುಗ್ಗಿದಾಗ ತಾನೇ ಸೀಳುತ್ತದೆ. ಪ್ಲೈವುಡ್‌ನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಓಕ್ ಮರ ಮಾತ್ರ ಬೇಡ. ಎಲ್ಲ ಮರವೂ ಸ್ವಲ್ಪ ಸ್ವಲ್ಪ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಓಕ್ ಅದರಲ್ಲಿ ಕುಖ್ಯಾತ. ಮುತ್ತು, ಹವಳ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲಕ್ಕೂ ಅವಕ್ಕೂ ಆಗಿಬರುವುದಿಲ್ಲ.

3. ಗೋಡೆಗಳನ್ನು ಕೊಯ್ಯುವುದು

ಉದ್ದದ ಗೋಡೆ ಎರಡು, 300 ಮಿಮೀ. ಚಿಕ್ಕ ಗೋಡೆ ಎರಡು, 180 ಮಿಮೀ. ಚಿಕ್ಕವು ಉದ್ದದವುಗಳ ನಡುವೆ ಕೂರುವುದರಿಂದ 200ರಲ್ಲಿ ಎರಡು 10 ಕಳೆದಿದ್ದೇವೆ. 45 ಡಿಗ್ರಿಯ ಓರೆ ಮೂಲೆ ಚೆಂದ ನಿಜ, ಆದರೆ ಅರ್ಧ ಡಿಗ್ರಿ ತಪ್ಪಿದರೂ ನಾಲ್ಕು ಮೂಲೆಯಲ್ಲೂ ಬಾಯಿ ಬಿಡುತ್ತದೆ. ಮೊದಲ ಟ್ರೇಗೆ ನೇರ ಜೋಡಣೆಯೇ ಇರಲಿ.

ಪೆನ್ಸಿಲಿನ ಬದಲು ಕಟರಿನಿಂದ ಗೆರೆ ಎಳೆಯಿರಿ. ಮರದ ಎಳೆ ಮೊದಲೇ ಕತ್ತರಿಸಿರುವುದರಿಂದ ಗರಗಸದ ಅಂಚು ಸಿಬಿರೇಳುವುದಿಲ್ಲ. ಗರಗಸ ಹೋದಲ್ಲೆಲ್ಲ ಸುಮಾರು ಒಂದು ಮಿಮೀ ಮರ ಹೊಟ್ಟಾಗಿ ಹೋಗುತ್ತದೆ. ಆದ್ದರಿಂದ ಗೆರೆಯ ಮೇಲಲ್ಲ, ಗೆರೆಯ ಆಚೆ, ಬಿಸಾಡುವ ತುಂಡಿನ ಕಡೆ ಕೊಯ್ಯಿರಿ.

ಜೋಡಿ ಗೋಡೆಗಳು 300ಕ್ಕೆ ಬದಲು 299.5 ಆದರೂ ತೊಂದರೆಯಿಲ್ಲ, ಎರಡೂ ಒಂದೇ ಆಗಿರಬೇಕು ಅಷ್ಟೆ. ಎರಡನ್ನೂ ಜೋಡಿಸಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲ್ತುದಿಗಳ ಸಂದಿಯ ಮೇಲೆ ಬೆರಳು ಆಡಿಸಿ. ಸ್ಕೇಲಿಗೆ ಸಿಗದ ವ್ಯತ್ಯಾಸ ಬೆರಳಿಗೆ ತಗಲುತ್ತದೆ. ಉದ್ದವಾದದ್ದನ್ನು ಉಪ್ಪುಕಾಗದದ ಮೇಲೆ ಉಜ್ಜಿ ಸಮ ಮಾಡಿ.

4. ಒಳಮುಖಕ್ಕೆ ಈಗಲೇ ಮೆರುಗು

ಜೋಡಿಸಿದ ಮೇಲೆ ಮೂಲೆಯೊಳಗೆ ಉಜ್ಜುವುದೂ ಕಷ್ಟ, ಬ್ರಶ್ ಆಡಿಸುವುದೂ ಕಷ್ಟ. ಗೋಡೆಗಳ ಒಳಮುಖವನ್ನು 120, 180, 240 ಈ ಕ್ರಮದಲ್ಲಿ, ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದ ಗೀರು ಬರಿಮರದಲ್ಲಿ ಕಾಣದೆ ಪಾಲಿಶ್ ಬಿದ್ದ ಕೂಡಲೇ ಎದ್ದು ಕೂರುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ. ತೇಗದಂಥ ಮರದ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ.

ಅರಗಿನ ಮೆರುಗು, ಅಂದರೆ ಶೆಲ್ಯಾಕ್, ಹೀಗೆ: 100 ಮಿಲೀ ಸ್ಪಿರಿಟ್‌ಗೆ 20 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ಆಗಾಗ ಅಲ್ಲಾಡಿಸಿ, ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ; ಒಲೆ, ದೀಪದಿಂದ ದೂರ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ತೆಳುವಾಗಿ ಮೂರು ಕೈ ಹೊಡೆಯಿರಿ, ನಡುನಡುವೆ ಗಂಟೆಯಷ್ಟು ಬಿಡುವು ಕೊಟ್ಟು 320ರಿಂದ ಮೆಲ್ಲಗೆ ಒರೆಸಿದಂತೆ ಉಜ್ಜಿ. ಒದ್ದೆ ಹವೆಯ ದಿನ ಈ ಕೆಲಸ ಬೇಡ, ಮೆರುಗು ಬೆಳ್ಳಗೆ ಮಂಕಾಗುತ್ತದೆ. ತಿಂಗಳುಗಟ್ಟಲೆ ಹಿಂದೆ ಕಲಸಿಟ್ಟ ಅರಗೂ ಬೇಡ. ಅದು ಅಂಟಂಟಾಗಿಯೇ ಉಳಿಯಬಹುದು.

ಅಂಟು ಬೀಳುವ ಜಾಗಕ್ಕೆ ಮೆರುಗು ತಾಗಬಾರದು. ಉದ್ದದ ಗೋಡೆಗಳ ಎರಡೂ ತುದಿಯ 10 ಮಿಮೀ ಒಳಮುಖಕ್ಕೆ ಟೇಪು ಹಚ್ಚಿ. ಕೆಳ ಅಂಚು, ಚಿಕ್ಕ ಗೋಡೆಯ ತುದಿ ಬರಿಯಾಗಿಯೇ ಇರಲಿ.

ಅಗಸೆ ಎಣ್ಣೆ ಒಳಗೆ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಟ್ರೇ ಡ್ರಾಯರಿನೊಳಗೆ ಇರುವುದಾದರೆ ವಾಸನೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೊರಗೆ ಹಚ್ಚುವುದಾದರೂ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಂಡೀತು. ಬಿಡಿಸಿ ಹೊರಗೆ ಒಂಟಿಯಾಗಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

5. ಚೌಕಟ್ಟು ಕೂಡಿಸುವುದು

ಮೊದಲು ಅಂಟಿಲ್ಲದೆ ಜೋಡಿಸಿ, ಕ್ಲಾಂಪು ಹಾಕಿ ನೋಡಿ. ಅಂಟು ಬಳಿದ ಮೇಲೆ ಕ್ಲಾಂಪು ಹುಡುಕಲು ಹೊರಡುವವರ ಕಥೆ ಹೇಳಲೇಬೇಕಿಲ್ಲ.

ಎಲ್ಲ ಸರಿ ಇದ್ದರೆ ಚಿಕ್ಕ ಗೋಡೆಯ ತುದಿಗೆ ಅಂಟು ತೆಳುವಾಗಿ ತಿಕ್ಕಿ ಐದು ನಿಮಿಷ ಬಿಡಿ. ಅಡ್ಡಕೊಯ್ದ ತುದಿ ಸ್ಪಂಜಿನಂತೆ ಅಂಟನ್ನು ಹೀರುತ್ತದೆ. ಎರಡನೇ ಸಲ ಬಳಿದದ್ದೇ ನಿಜವಾಗಿ ಹಿಡಿಯುವುದು. ಎಣ್ಣೆಯ ಅಂಶವಿರುವ ತೇಗವಾದರೆ ಅಂಟಿಗೆ ಮೊದಲು ಆ ಜಾಗವನ್ನು ಸ್ಪಿರಿಟ್ ಹಾಕಿ ಒರೆಸಿ, ಆರಲು ಬಿಡಿ.

ಕ್ಲಾಂಪು ಬಿಗಿಮಾಡಿದ ಕೂಡಲೇ ಕರ್ಣ ಅಳೆಯಿರಿ, ಅಂದರೆ ಮೂಲೆಯಿಂದ ಎದುರು ಮೂಲೆಗೆ. 300 × 200ಕ್ಕೆ ಎರಡೂ ಕರ್ಣ ಸುಮಾರು 360.5 ಮಿಮೀ ಬರಬೇಕು. ಒಂದು 362, ಇನ್ನೊಂದು 359 ಬಂದರೆ ಚೌಕಟ್ಟು ಓರೆಯಾಗಿದೆ. ಉದ್ದ ಬಂದ ಕರ್ಣದ ಎರಡು ಮೂಲೆಗಳನ್ನು ಹಿಡಿದು ಒಳಕ್ಕೆ ಒತ್ತಿ, ಮತ್ತೆ ಅಳೆಯಿರಿ. ಇದಕ್ಕೆ ನಿಮಗಿರುವುದು ಹತ್ತು ನಿಮಿಷ. ಅಂಟು ಒಣಗಿದ ಮೇಲೆ ಓರೆ ತಿದ್ದಲು ದಾರಿಯಿಲ್ಲ, ಆ ಓರೆ ಒಳಗಿನ ಪ್ರತಿ ಖಾನೆಗೂ ಹಂಚಿಕೊಳ್ಳುತ್ತದೆ.

ಹಿಂಡಿ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ತಿಕ್ಕಬೇಡಿ. ತೆಳುವಾಗಿ ಹರಡಿ ಮರದೊಳಗೆ ಇಳಿಯುತ್ತದೆ, ಮುಂದೆ ಅಲ್ಲಿ ಪಾಲಿಶ್ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟರೆ ಅದು ಕೆನೆ ಕಟ್ಟಿದ ಹಾಗೆ ಆಗುತ್ತದೆ. ಆಗ ಉಳಿಯ ತುದಿಯಿಂದ ಎಬ್ಬಿಸಿದರೆ ಇಡಿಯಾಗಿ ಬರುತ್ತದೆ. ಕ್ಲಾಂಪು ಒಂದು ಗಂಟೆ ಇರಲಿ, ಮುಂದಿನ ಕೆಲಸ 24 ಗಂಟೆಯ ಮೇಲೆ.

ಬರೀ ಅಂಟಿನ ಮೂಲೆ ದುರ್ಬಲ. ಮರುದಿನ ಉದ್ದದ ಗೋಡೆಯ ಹೊರಗಿನಿಂದ, ತುದಿಯಿಂದ 5 ಮಿಮೀ ಒಳಗೆ, ಪ್ರತಿ ಮೂಲೆಗೆ ಎರಡು ತೂತು ಕೊರೆಯಿರಿ: 3 ಮಿಮೀ ದಪ್ಪ, 25 ಮಿಮೀ ಆಳ. ಬಿಟ್ಟಿಗೆ 25 ಮಿಮೀ ಕಡೆ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಅಂಟು ಹಚ್ಚಿದ ಬಿದಿರುಕಡ್ಡಿ ಬಡಿದು, ಮೇಲುಳಿದದ್ದನ್ನು ಕೊಯ್ದು ಉಜ್ಜಿ. ಎಂಟು ಚುಕ್ಕೆಗಳು ಹೊರಗೆ ಕಾಣುತ್ತವೆ. ನನಗೆ ಆ ಚುಕ್ಕೆಗಳೇ ಇಷ್ಟ.

6. ತಳ

ಪ್ಲೈವುಡ್ಡನ್ನು 302 × 202ಕ್ಕೆ ಕೊಯ್ಯಿರಿ. ಚೌಕಟ್ಟಿನ ಕೆಳ ಅಂಚಿಗೆ ಅಂಟು ಹಚ್ಚಿ, ಸುತ್ತ ಒಂದೊಂದು ಮಿಮೀ ಹೊರಚಾಚುವಂತೆ ಕೂರಿಸಿ, ಮೇಲೆ ದಪ್ಪ ಪುಸ್ತಕಗಳ ಹೇರು ಇಡಿ. ಒಣಗಿದ ಮೇಲೆ ಚಾಚಿದ್ದನ್ನು ಉಜ್ಜಿ ಗೋಡೆಗೆ ಸಮ ಮಾಡಿ. ಮೊದಲೇ ಸರಿಯಾಗಿ 300 × 200ಕ್ಕೆ ಕೊಯ್ದು ಕೂರಿಸಲು ಹೊರಟರೆ ಅಂಟಿನ ಮೇಲೆ ಅದು ಜಾರುತ್ತದೆ, ಒಂದು ಕಡೆ ಮೆಟ್ಟಿಲು ಬೀಳುತ್ತದೆ. ಈಗ ಹೊರಮೈಗೂ ಅರಗಿನ ಮೂರು ಕೈ.

7. ಹಾಸು

ಇಲ್ಲಿ ನಿಧಾನಿಸಿ. ನಾನು ಮೊದಲು ಹಾಸಿದ್ದು ಉಣ್ಣೆಯ ಫೆಲ್ಟ್. ಮೆತ್ತಗೆ, ದಪ್ಪಗೆ, ನೋಡಲು ಸೊಗಸು. ಕೆಲವು ತಿಂಗಳ ಬಳಿಕ ಬೆಳ್ಳಿ ಸರವೊಂದನ್ನು ಎತ್ತಿ ಮಗುಚಿದರೆ ಬಟ್ಟೆಗೆ ತಾಗಿದ್ದ ಮಗ್ಗುಲು ಕಂದುಗಪ್ಪು, ಮೇಲಿನದು ಫಳಫಳ. ಉಣ್ಣೆಯಲ್ಲಿ ಗಂಧಕ ಇದೆ. ಗಂಧಕ ಬೆಳ್ಳಿಯ ಜೊತೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಆ ಕಪ್ಪು ಅದೇ. ರಬ್ಬರಿನ ಹಾಳೆ, ರಬ್ಬರ್ ಅಂಟು, ರಬ್ಬರ್ ಬ್ಯಾಂಡ್ ಕೂಡ ಇದೇ ಕೆಲಸ ಮಾಡುತ್ತವೆ. ಹತ್ತಿಯ ಅಥವಾ ಪಾಲಿಯೆಸ್ಟರಿನ ವೆಲ್ವೆಟ್ ತೆಗೆದುಕೊಳ್ಳಿ.

ಬಟ್ಟೆಯ ಬಗ್ಗೆ ಅನುಮಾನವಿದ್ದರೆ ಪರೀಕ್ಷಿಸಿ. ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕೆ ಆಡಿ ಪರೀಕ್ಷೆ ಎನ್ನುತ್ತಾರೆ. ಬ್ರಿಟಿಷ್ ಮ್ಯೂಸಿಯಮ್‌ನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ್ದು. ಬೆಳ್ಳಿ, ಸೀಸ, ತಾಮ್ರದ ಚೂರುಗಳನ್ನು ಪರೀಕ್ಷಿಸಬೇಕಾದ ಸಾಮಗ್ರಿಯೊಂದಿಗೆ ಸ್ವಲ್ಪ ನೀರಿರುವ ಮುಚ್ಚಿದ ಗಾಜಿನೊಳಗಿಟ್ಟು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಬಿಡುತ್ತಾರೆ. ಮನೆಯಲ್ಲಿ ಶಾಖ ಬೇಡ. ಗಾಜಿನ ಜಾಡಿಯಲ್ಲಿ ಬಟ್ಟೆಯ ಚೂರು, ತಿಕ್ಕಿ ಹೊಳೆಯಿಸಿದ ಹಳೆಯ ಬೆಳ್ಳಿಯ ಚೂರು, ಒದ್ದೆ ಹತ್ತಿಯ ಒಂದು ಉಂಡೆ ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಿ. ಇನ್ನೊಂದು ಜಾಡಿಯಲ್ಲಿ ಬಟ್ಟೆ ಬಿಟ್ಟು ಉಳಿದದ್ದೆಲ್ಲ. ತಿಂಗಳ ಮೇಲೆ ಎರಡೂ ಬೆಳ್ಳಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಮರ ಒಣಗಲು ಇಟ್ಟ ದಿನವೇ ಈ ಜಾಡಿಗಳನ್ನೂ ಇಟ್ಟುಬಿಟ್ಟರೆ ಕಾಯುವ ಹೊತ್ತು ಉಳಿಯುತ್ತದೆ.

ಹಾಸುವ ಕ್ರಮ: ರಟ್ಟನ್ನು 277 × 177ಕ್ಕೆ ಕತ್ತರಿಸಿ, ಸುತ್ತ ಬಿಟ್ಟ ಒಂದೂವರೆ ಮಿಮೀ ಬಟ್ಟೆಯ ದಪ್ಪಕ್ಕೆ. ವೆಲ್ವೆಟ್ಟನ್ನು ಪ್ರತಿ ಬದಿಗೆ 20 ಮಿಮೀ ಹೆಚ್ಚಿಟ್ಟು ಕತ್ತರಿಸಿ, ನಾಲ್ಕು ಮೂಲೆಯನ್ನು ಓರೆಯಾಗಿ ಕೊಯ್ದು, ರಟ್ಟಿನ ಹಿಂದಕ್ಕೆ ಮಡಚಿ ಹಿಂಭಾಗದಲ್ಲಿ ಮಾತ್ರ ಅಂಟಿಸಿ. ಮುಖದ ಕಡೆ ರಟ್ಟಿಗೆ ಅಂಟು ಬಳಿದರೆ ಅದು ಬಟ್ಟೆಯೊಳಗಿಂದ ಮೇಲೆದ್ದು ಗಟ್ಟಿ ಕಲೆಯಾಗುತ್ತದೆ. ವೆಲ್ವೆಟ್ಟಿನ ರೋಮಕ್ಕೆ ದಿಕ್ಕಿದೆ. ಕೈಯಾಡಿಸಿದಾಗ ಒಂದು ಕಡೆ ತಿಳಿ, ಎದುರು ಕಡೆ ಗಾಢ. ಉಂಗುರದ ಸುರುಳಿಗೆ ಕತ್ತರಿಸುವ ಬಟ್ಟೆಯೂ ಇದೇ ದಿಕ್ಕಿನಲ್ಲಿರಲಿ, ಇಲ್ಲದಿದ್ದರೆ ಎರಡು ಬಣ್ಣದ ಬಟ್ಟೆ ತಂದಂತೆ ಕಾಣುತ್ತದೆ.

8. ಖಾನೆಗಳ ಪಟ್ಟಿ

ಹಾಸು ಕೂರಿಸಿದ ಮೇಲೆಯೇ ಪಟ್ಟಿಗಳ ಉದ್ದವನ್ನು ಟ್ರೇಯಿಂದ ನೇರ ಗುರುತುಮಾಡಿ, ಅರ್ಧ ಮಿಮೀ ಕಡಿಮೆ ಕೊಯ್ಯಿರಿ. ಕಾಗದದ ಮೇಲಿನ 280, 180 ಈಗ ಲೆಕ್ಕಕ್ಕಿಲ್ಲ.

ಪಟ್ಟಿಗಳು ಒಂದನ್ನೊಂದು ದಾಟುವಲ್ಲಿ ಅರ್ಧ ಎತ್ತರದ ಕಚ್ಚು ಬೇಕು. ಉದ್ದಪಟ್ಟಿಯಲ್ಲಿ ಮೇಲಿನಿಂದ ಎರಡು ಕಚ್ಚು, ಎಡತುದಿಯಿಂದ 90 ಮತ್ತು 185 ಮಿಮೀಗೆ ಶುರು. ಅಡ್ಡಪಟ್ಟಿಗಳಲ್ಲಿ ಕೆಳಗಿನಿಂದ ಒಂದೊಂದು, ಹಿಂತುದಿಯಿಂದ 80 ಮಿಮೀಗೆ. ಆಳ 25ರ ಅರ್ಧ 12.5, ನೀವು 13 ಮಾಡಿ. ಕಡಿಮೆಯಾದರೆ ಒಂದು ಪಟ್ಟಿ ಮೇಲೆ ಎದ್ದು ನಿಂತು ಅದರ ಕೆಳಗೆ ಸಂದಿ ಬೀಳುತ್ತದೆ, ಓಲೆಯ ತಿರುಪು ಆ ಸಂದಿಯಿಂದ ಪಕ್ಕದ ಖಾನೆಗೆ ಉರುಳಿ ಹೋಗುತ್ತದೆ.

ಕಚ್ಚಿನ ಅಗಲವನ್ನು ಸ್ಕೇಲಿನಲ್ಲಿ ಅಳೆಯಬೇಡಿ. 5 ಮಿಮೀ ಎಂದು ಕೊಟ್ಟ ಪಟ್ಟಿ ನಿಜದಲ್ಲಿ 4.6 ಇರಬಹುದು. ಅಡ್ಡಪಟ್ಟಿಯನ್ನೇ ಉದ್ದಪಟ್ಟಿಯ ಮೇಲೆ ನಿಲ್ಲಿಸಿ, ಅದರ ಎರಡೂ ಪಕ್ಕ ಕಟರಿನ ಮೊನೆ ತಾಗಿಸಿ ಗುರುತು ಹಾಕಿ. ಗರಗಸ ಎರಡು ಗುರುತುಗಳ ಒಳಗೇ ಓಡಲಿ, ನಡುವಿನದನ್ನು ಉಳಿಯಿಂದ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಒಂದೇ ಕಡೆಯಿಂದ ಬಡಿದರೆ ಆಚೆಬದಿ ಸಿಡಿಯುತ್ತದೆ. ಈಗ ಕೂರಿಸಿ ನೋಡಿ: ಬೆರಳಿನಿಂದ ಒತ್ತಿದರೆ ಇಳಿಯಬೇಕು, ತಾನಾಗಿ ಬೀಳಬಾರದು. ಬಿಗಿಯೆನಿಸಿದರೆ ಕಚ್ಚನ್ನು ಮುಟ್ಟದೆ ಎದುರು ಪಟ್ಟಿಯ ಮೈಯನ್ನು ಎರಡು ಸಲ ಉಜ್ಜಿ. ಸಡಿಲವಾದ ಕಚ್ಚನ್ನು ಮತ್ತೆ ಕೂಡಿಸಲಾಗದು, ತೆಳುವಾದ ಪಟ್ಟಿಯನ್ನು ಬದಲಿಸಬಹುದು.

ಪಟ್ಟಿಗಳಿಗೂ ಮೆರುಗು ಕೊಡಿ, ತೀರಾ ತೆಳುವಾಗಿ. ಅಂಟಿಸಬೇಡಿ. ನಾಳೆ ಒಡವೆ ಬದಲಾದರೆ ಪಟ್ಟಿಗಳನ್ನು ತೆಗೆದು ಬೇರೆ ಹಂಚಿಕೆ ಮಾಡಬಹುದು.

9. ಉಂಗುರದ ಸುರುಳಿ

ಎಲೆಕ್ಟ್ರಾನಿಕ್ ಸಾಮಾನಿನ ಡಬ್ಬಿಯೊಳಗೆ ಬರುವ ಬಿಳಿಯ ಹಗುರ ಪಾಲಿಎಥಿಲೀನ್ ಫೋಮ್ ಹಾಳೆ ಇದಕ್ಕೆ ತಕ್ಕದ್ದು. ಸೋಫಾದ ಸ್ಪಂಜು ಬೇಡ. ಅದು ವರ್ಷಗಳಲ್ಲಿ ಹಳದಿಯಾಗಿ ಪುಡಿಪುಡಿ ಉದುರುತ್ತದೆ. ಹಾಳೆಯನ್ನು 13–14 ಮಿಮೀ ದಪ್ಪಕ್ಕೆ ಸುತ್ತಿ, ವೆಲ್ವೆಟ್ ಹೊದಿಸಿದರೆ ಸುಮಾರು 15 ಆಗುತ್ತದೆ. 95 ಮಿಮೀ ಖಾನೆಗೆ ಇಂಥ ಆರು ಸುರುಳಿ. ಉಳಿದ 5 ಮಿಮೀ ಉಂಗುರಗಳ ದಪ್ಪಕ್ಕೆ. ಎಲ್ಲವನ್ನೂ 88 × 93ರ ರಟ್ಟಿನ ಮೇಲೆ ಹೊಲಿಗೆಯ ಬದಿ ಕೆಳಗಿರುವಂತೆ ಸಾಲಾಗಿ ಅಂಟಿಸಿ ಖಾನೆಗೆ ಇಳಿಸಿ.

10. ಒಡವೆ ಇಡುವ ಮುನ್ನ

ಬಿಳಿ ಅಂಟು ಒಣಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಹೊಸ ಟ್ರೇಯ ಹುಳಿ ವಾಸನೆ ಅದರದ್ದೇ. ಒಂದೆರಡು ವಾರ ಗಾಳಿ ಆಡುವ ಕಡೆ ಖಾಲಿ ಇಡಿ. ಆಮೇಲೆ ಒಂದು ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಬಾಯಿ ಬಿಚ್ಚಿದ ಕೂಡಲೇ ಮೂಗು ಹತ್ತಿರ ತನ್ನಿ. ಹುಳಿಯೋ ಸ್ಪಿರಿಟ್ಟೋ ಮೂಗಿಗೆ ಬಡಿದರೆ ಇನ್ನೊಂದು ವಾರ ಹೊರಗಿರಲಿ. ಬರೀ ಮರದ ವಾಸನೆ ಬಂದರೆ ಮೊದಲು ಚಿನ್ನ, ಆಮೇಲೆ ಬೆಳ್ಳಿ ಇಡಿ. ಮುತ್ತು, ಹವಳ ಇನ್ನೊಂದು ತಿಂಗಳು ತಮ್ಮ ಹಳೆಯ ಬಟ್ಟೆಯ ಚೀಲದಲ್ಲೇ ಇರಲಿ.